ಬ್ಯಾಟರಿಗೆ ಮನೆಮದ್ದು

ಬ್ಯಾಟರಿ ಡೌನ್ ಆಗುವುದು ಬೇರೆ, ಸಾಯುವುದು ಬೇರೆ. ರಾತ್ರಿಯಿಡೀ ಹೆಡ್‌ಲೈಟ್ ಉರಿದು ಬರಿದಾದದ್ದು ಚಾರ್ಜ್ ಮಾಡಿದರೆ ಎದ್ದು ಕೂರುತ್ತದೆ. ನಾಲ್ಕೈದು ವರ್ಷ ದುಡಿದು, ಈಗ ಸೆಲ್ಫ್ ಹೊಡೆದರೆ ಟಕ್ ಟಕ್ ಎಂದಷ್ಟೇ ಸದ್ದು ಮಾಡುವ ಬ್ಯಾಟರಿಯ ಕತೆ ಹಾಗಲ್ಲ. ಅಂಥದ್ದಕ್ಕೆ ಎಪ್ಸಮ್ ಉಪ್ಪು ಕರಗಿಸಿ ಹಾಕಿ, ಹಳೆ ಆಸಿಡ್ ಚೆಲ್ಲಿ ಹೊಸದು ತುಂಬಿ ಎಂದು ಹೇಳುವವರಿಗೇನೂ ಕೊರತೆಯಿಲ್ಲ. ಕೆಲವೊಮ್ಮೆ ಗಾಡಿ ಸ್ಟಾರ್ಟ್ ಕೂಡ ಆಗುತ್ತದೆ. ಆದರೆ ಅದು ಉಪ್ಪಿನ ಮಹಿಮೆಯೇ?

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಬ್ಯಾಟರಿಯ ರಸಾಯನವೇ ಇಂದಿಗೂ ಕಾರಿನ ಬಾನೆಟ್ ಕೆಳಗಿದೆ. 12 ವೋಲ್ಟ್ ಡಬ್ಬದೊಳಗೆ ಆರು ಸೆಲ್‌ಗಳು, ಒಂದೊಂದರಿಂದ ಎರಡು ವೋಲ್ಟಿಗಿಂತ ತುಸು ಹೆಚ್ಚು. ಪ್ರತಿ ಸೆಲ್ಲಿನಲ್ಲೂ ಸೀಸದ ಪ್ಲೇಟು, ಸೀಸದ ಡೈಆಕ್ಸೈಡಿನ ಪ್ಲೇಟು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ ಹರಿದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದಾಗ ಇದೆಲ್ಲ ಹಿಂದುಮುಂದಾಗುತ್ತದೆ. ಆಗಷ್ಟೇ ಕೂತ ಸಲ್ಫೇಟ್ ಪುಡಿಸಕ್ಕರೆಯಂತೆ ನುಣುಪು. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅದೇ ಕಲ್ಲುಸಕ್ಕರೆಯಾಗಿ ಗಟ್ಟಿಯಾಗುತ್ತದೆ. ಮೆಕ್ಯಾನಿಕ್‌ಗಳು ಸಲ್ಫೇಷನ್ ಎನ್ನುವುದು ಇದನ್ನೇ. ಮನೆಯಲ್ಲಿ ಚಿಕಿತ್ಸೆ ಏನಾದರೂ ಸಾಧ್ಯವಿದ್ದರೆ ಇದೊಂದಕ್ಕೆ, ಅದೂ ಗಡಸು ಏರುವ ಮುಂಚೆ. ಪಾಸಿಟಿವ್ ಪ್ಲೇಟಿನ ಲೇಪ ಉದುರಿದ್ದರೆ, ಅದನ್ನು ಹಿಡಿದ ಸೀಸದ ಜಾಲರಿ ತಿಂದುಹೋಗಿದ್ದರೆ, ಯಾವ ಪುಡಿಯೂ ಅದನ್ನು ಮತ್ತೆ ಅಂಟಿಸಲಾರದು. ಬಿಸಿಲ ಊರುಗಳಲ್ಲಿ ಈ ಸವೆತ ಇನ್ನೂ ಬೇಗ.

ರೋಗ ಯಾವುದೆಂದು ತಿಳಿಯಲು ಮಲ್ಟಿಮೀಟರ್ ಒಂದು, ಹೈಡ್ರೋಮೀಟರ್ ಒಂದು ಸಾಕು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಿದರೆ ತುಂಬಿದೆ ಎಂದರ್ಥ. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿರುವ ಸಂಭವವೇ ಹೆಚ್ಚು. ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನಷ್ಟು ಹೇಳುತ್ತದೆ. ರಬ್ಬರ್ ಬುರುಡೆ ಒತ್ತಿ ಬಿಟ್ಟರೆ ಆಸಿಡ್ ಗಾಜಿನ ಕೊಳವೆಗೆ ಏರಿ ಒಳಗಿನ ತೇಲುಕಡ್ಡಿ ಮೇಲೇಳುತ್ತದೆ. ತುಂಬಿದ ಸೆಲ್ಲಿನಲ್ಲಿ ಸಾಂದ್ರತೆ 1.26ರಿಂದ 1.28. ಐದು ಸೆಲ್ ಹೀಗಿದ್ದು ಆರನೆಯದು ಮಾತ್ರ 1.15ರಲ್ಲಿ ಬಿದ್ದಿದ್ದರೆ, ಅಥವಾ ಮೇಲೆ ಬಂದ ಆಸಿಡ್ ಕಂದು ಬಗ್ಗಡವಾಗಿದ್ದರೆ, ಅಲ್ಲಿಗೆ ನಿಲ್ಲಿಸಿ. ಆ ಬಗ್ಗಡ ಪ್ಲೇಟಿನಿಂದ ಉದುರಿದ ಮಾಲು.

ಎಲ್ಲ ಸೆಲ್ಲೂ ಒಂದೇ ಸಮ ಇಳಿದಿದ್ದರೆ ಮಾತ್ರ ಪ್ರಯತ್ನಕ್ಕೆ ಅರ್ಥವಿದೆ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಅದರ ಲವಣಗಳೇ ಬ್ಯಾಟರಿಗೆ ವಿಷ. ಆಮೇಲೆ 35 ಆಂಪಿಯರ್-ಅವರ್ ಬ್ಯಾಟರಿಯಾದರೆ ಎರಡು ಮೂರು ಆಂಪಿಯರಿನಲ್ಲಿ ನಿಧಾನಕ್ಕೆ, ಒಂದು ದಿನವಾದರೂ ಸರಿ, ಚಾರ್ಜ್ ಆಗಲಿ. ಅವಸರದ ಹೆಚ್ಚು ಕರೆಂಟು ಪ್ಲೇಟು ಕಾಯಿಸುತ್ತದೆಯೇ ಹೊರತು ಹರಳು ಕರಗಿಸುವುದಿಲ್ಲ. ಚಾರ್ಜರ್ ತೆಗೆದ ಕೂಡಲೇ ಮೀಟರ್ ನೋಡಿ ಖುಷಿಪಡಬೇಡಿ, ಅದು ಮೇಲ್ಮೇಲಿನ ವೋಲ್ಟು. ರಾತ್ರಿ ಕಳೆದ ಮೇಲೆ ನೋಡಿ. ಸೆಲ್ಫ್ ಹೊಡೆಯುವಾಗಲೂ ನೋಡಿ. 9.6ಕ್ಕಿಂತ ಕೆಳಗಿಳಿದರೆ ನಂಬಿ ದೂರ ಹೋಗುವಂತಿಲ್ಲ.

ಉಪ್ಪಿನ ವಿಷಯಕ್ಕೆ ಒಂದು ಹಳೆಯ ರಾಜಕೀಯವೇ ಇದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜೆಸ್ ರಿಚಿ ಎಂಬಾತ 'ಎಡಿ-ಎಕ್ಸ್2' ಎಂಬ ಬ್ಯಾಟರಿ ಪುಡಿ ಮಾರುತ್ತಿದ್ದ. ಒಳಗಿದ್ದುದು ಮುಖ್ಯವಾಗಿ ಮೆಗ್ನೀಸಿಯಮ್ ಸಲ್ಫೇಟ್, ಅಂದರೆ ಎಪ್ಸಮ್ ಉಪ್ಪು, ಮತ್ತು ಸೋಡಿಯಂ ಸಲ್ಫೇಟ್. ಸರ್ಕಾರಿ ಮಾಪನ ಸಂಸ್ಥೆ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಪರೀಕ್ಷಿಸಿ, ಇದರಿಂದ ಪ್ರಯೋಜನವಿಲ್ಲ ಎಂದಿತು. ರಿಚಿಯ ಬೆಂಬಲಕ್ಕೆ ತೃಪ್ತ ಗಿರಾಕಿಗಳ ಜೊತೆ ರಾಜಕಾರಣಿಗಳೂ ನಿಂತರು. 1953ರಲ್ಲಿ ವಾಣಿಜ್ಯ ಸಚಿವ ಸಿಂಕ್ಲೇರ್ ವೀಕ್ಸ್ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್‌ರ ರಾಜೀನಾಮೆ ಕೇಳಿದರು. ವಿಜ್ಞಾನಿಗಳು ತಿರುಗಿಬಿದ್ದರು, ಆಸ್ಟಿನ್ ಉಳಿದುಕೊಂಡರು. ಅದೇ ವರ್ಷ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಸಮಿತಿಯೂ ಸಂಸ್ಥೆಯ ಪರೀಕ್ಷೆಯನ್ನೇ ಎತ್ತಿಹಿಡಿಯಿತು.

ಗಿರಾಕಿಗಳು ಸುಳ್ಳು ಹೇಳಿದರು ಎಂದು ನನಗನಿಸುವುದಿಲ್ಲ. ಪುಡಿ ಹಾಕಿದವರು ನೀರನ್ನೂ ತುಂಬುತ್ತಾರೆ, ಟರ್ಮಿನಲ್ ಉಜ್ಜುತ್ತಾರೆ, ನಿಧಾನ ಚಾರ್ಜಿಗೂ ಇಡುತ್ತಾರೆ. ಗುಣವಾದರೆ ಹೆಸರು ಪುಡಿಗೆ! ಪುಡಿ ಹಾಕದ ಇನ್ನೊಂದು ಅಂಥದೇ ಬ್ಯಾಟರಿಯನ್ನು ಪಕ್ಕದಲ್ಲಿಟ್ಟು ನೋಡುವ ವ್ಯವಧಾನ ಯಾರಿಗಿರುತ್ತದೆ? ಮೇಲಾಗಿ ಉಪ್ಪು ಕರಗಿದ ದ್ರವದ ಸಾಂದ್ರತೆ ಏರುವುದರಿಂದ ಹೈಡ್ರೋಮೀಟರೂ ಸುಳ್ಳು ಹೇಳತೊಡಗುತ್ತದೆ.

ಕೊನೆಯದಾಗಿ ಜೀವದ ಮಾತು. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಗಾಳಿಯಲ್ಲಿ ಶೇ. 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಆದ್ದರಿಂದ ಅಡುಗೆಮನೆ, ಮುಚ್ಚಿದ ಕೋಣೆ ಬೇಡ. ಚಾರ್ಜರ್ ಆಫ್ ಮಾಡಿಯೇ ಕ್ಲಿಪ್ ತೆಗೆಯಿರಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಆಸಿಡ್ ಸಿಡಿದರೆ ಹೆಚ್ಚು ನೀರು ಹಾಕಿ ತೊಳೆಯುತ್ತಲೇ ವೈದ್ಯರ ಬಳಿ ಹೋಗಬೇಕು. ಮೈಂಟೆನೆನ್ಸ್-ಫ್ರೀ ಬ್ಯಾಟರಿಯ ಮುಚ್ಚಳ ಕೊರೆದು ತೆರೆಯುವ ಸಾಹಸ ಬೇಡ. ಹಳೆಯ ಆಸಿಡ್ಡನ್ನು ಚರಂಡಿಗೆ ಸುರಿಯುವುದೂ ಬೇಡ, ಸೀಸ ಅದರ ಜೊತೆಗೇ ಹೋಗುತ್ತದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದಕ್ಕೆ ಅಂಗಡಿಯವರೇ ಬೆಲೆ ಕಟ್ಟುತ್ತಾರೆ. ಆಸಿಡ್ ಚೆಲ್ಲದಂತೆ ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯಿರಿ.