ಇಂಜಿನ್ ಸದ್ದು ನಿಂತರೆ ಪೈಲಟ್ ಹೊಲ ಹುಡುಕೋದು ಹೇಗೆ?

ಇವತ್ತಿನ ಸಂಚಿಕೆಗೆ ದೇವದುರ್ಗ ಕಡೆಯ ಕೇಳುಗರೊಬ್ಬರ ವಾಯ್ಸ್ ಮೆಸೇಜೇ ಕಾರಣ. ‘ಸಣ್ಣ ಇಮಾನ ಬಂತ್ರಿ. ನಡು ಆಕಾಶದಾಗ ಸಪ್ಪಳ ಒಮ್ಮಿಗಲೇ ಕಡಿಮಿ ಆತು, ಹತ್ತಿ ಹೊಲದ ಕಡೆ ಇಳೀಲಿಕ್ಕೆ ಹತ್ತಿತು. ಬಿತ್ತಂತ ನಾವು ಓಡಿದ್ವಿ. ಅಷ್ಟರಾಗ ಗುರ್ ಅಂತ ಮತ್ತ ಮ್ಯಾಲ ಹೋತು. ಏನ್ರಿ ಇದು, ಆಟ ಏನು?’ ಅಂತ ಕೇಳ್ಯಾರ.

ಆಟ ಅಲ್ಲ, ಪಾಠ. ಒಂದೇ ಇಂಜಿನ್ ಇರೋ ವಿಮಾನದಲ್ಲಿ ಕಲಿಯೋ ಪ್ರತಿಯೊಬ್ಬರಿಗೂ ಇಂಜಿನ್ ಕೆಟ್ಟರೆ ಏನು ಮಾಡಬೇಕು ಅನ್ನೋದನ್ನ ಮತ್ತೆ ಮತ್ತೆ ಅಭ್ಯಾಸ ಮಾಡಿಸ್ತಾರೆ. ನಾನು ಮಾನ್ವಿ ಕಡೆಯವನು, ಇದನ್ನ ಕಲಿತವನು. ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆದಿದೆ, ಆದರೆ ಹಾರಾಟ ಕಲಿಸೋ ಶಾಲೆ ನಮಗೆ ಹತ್ತಿರ ಅಂದರೆ ಕಲಬುರಗಿಯೇ. ಅಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಆಮೇಲೆ ತರಬೇತಿ ಶಾಲೆಗಳೂ ಬಂದವು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ದೂರ ದೂರದ ಊರುಗಳ ಮೇಲೆ ಹೋಗಿ ಬರೋದೂ ಅದರೊಳಗೆ ಸೇರುತ್ತದೆ.

ಅಭ್ಯಾಸ ನಡೆಯೋದು ಹೀಗೆ. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಮಾತಾಡ್ತಾ ಮಾತಾಡ್ತಾ ಥ್ರಾಟಲ್ ಹಿಂದಕ್ಕೆ ಎಳೀತಾರೆ. ‘ನಿನ್ನ ಇಂಜಿನ್ ಹೋಯ್ತು ನೋಡಪ್ಪ, ಈಗೇನು ಮಾಡ್ತಿ?’ ಇಂಜಿನ್ ಪೂರ್ತಿ ನಿಲ್ಲಿಸೋದಿಲ್ಲ, ಐಡಲ್‌ನಲ್ಲಿ ಓಡ್ತಿರುತ್ತದೆ. ಅದು ತಣ್ಣಗಾಗಬಾರದು ಅಂತ ಇಳಿಯುವಾಗ ನಡುನಡುವೆ ಒಂದೆರಡು ಕ್ಷಣ ಥ್ರಾಟಲ್ ಕೊಡ್ತಾರೆ. ಕೆಳಗಿದ್ದವರಿಗೆ ಸಪ್ಪಳ ಬಿಟ್ಟು ಬಿಟ್ಟು ಕೇಳೋದು ಇದಕ್ಕೇ.

ಮೊದಲ ಕೆಲಸ ಮೂಗು ಸರಿಮಾಡಿ ವೇಗ ಹಿಡಿಯೋದು. ಸೆಸ್ನಾ 172ರಲ್ಲಿ ಅದು ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್. ಇಂಜಿನ್ ನಿಂತ ತಕ್ಷಣ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಆ ವೇಗ ಕಾಯ್ದುಕೊಂಡರೆ ಒಂದು ಅಡಿ ಇಳಿಯೋದರೊಳಗೆ ಅದು ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ನಿಜವಾಗಿ ಜೀವ ತೆಗೆಯೋದು ಬೇರೆ: ಇನ್ನೂ ಸ್ವಲ್ಪ ದೂರ ಹೋಗೋಣ ಅಂತ ಮೂಗು ಎತ್ತೋದು. ಎತ್ತಿದರೆ ವೇಗ ಸಾಯುತ್ತದೆ, ರೆಕ್ಕೆ ಎತ್ತೋ ಶಕ್ತಿ ಕಳಕೊಳ್ಳುತ್ತದೆ, ಆಗ ಕಲ್ಲೇ.

ಈಗ ನಮ್ಮೂರಿನ ಲೆಕ್ಕ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, 1300 ಅಡಿ ಎತ್ತರದಲ್ಲಿದೆ. ಆಲ್ಟಿಮೀಟರ್ 4300 ಅಡಿ ತೋರಿಸಿದರೆ ನೆಲದಿಂದ ನಮಗೆ ಉಳಿದಿರೋದು 3000 ಅಡಿ ಮಾತ್ರ. ಗಾಳಿ ಇಲ್ಲದಿದ್ದರೆ ಅಷ್ಟರಲ್ಲಿ 8 ಕಿಲೋಮೀಟರ್ ತೇಲಬಹುದು, ಸಮಯ ನಾಲ್ಕು ನಿಮಿಷ. ದೇವದುರ್ಗದ ಮೇಲಿದ್ದರೆ ಮಾನ್ವಿಯೂ ಸಿಗೋದಿಲ್ಲ, ಯರಮರಸ್ಸೂ ಸಿಗೋದಿಲ್ಲ. ಯಾರದೋ ಹೊಲವೇ ಗತಿ.

ಯಾವ ಹೊಲ? ಇಲ್ಲಿ ಪುಸ್ತಕಕ್ಕಿಂತ ಒಕ್ಕಲುತನ ಗೊತ್ತಿದ್ದವರಿಗೆ ಅನುಕೂಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆಗಳು ಮೇಲಿಂದ ಹಸಿರು ಹಾಸಿಗೆಯಂತೆ ಕಾಣ್ತವೆ. ಮೋಸ. ಕೆಸರಿಗೆ ಮುಂದಿನ ಗಾಲಿ ಹೂತರೆ ವಿಮಾನ ಮಗುಚುತ್ತದೆ. ಕೊಯ್ಲಾದ ಮೇಲೆ ನೆಲ ಒಣಗಿದರೂ ಬದುಗಳು ಇದ್ದೇ ಇರ್ತವೆ, ಹಾಗಾಗಿ ಮಡಿಯ ಉದ್ದ ನೋಡಬೇಕು. ದೇವದುರ್ಗದ ಎರೆಭೂಮಿ ಬೇಸಿಗೆಯಲ್ಲಿ ಗಟ್ಟಿ, ಮಳೆ ಬಿದ್ದ ಮರುದಿನ ಅಂಟು. ಎದೆಮಟ್ಟ ಬೆಳೆದ ತೊಗರಿಗಿಂತ ಕಟಾವಾದ ಜೋಳದ ಹೊಲ ವಾಸಿ. ಉತ್ತ ಹೊಲವಾದರೆ ಸಾಲಿಗೆ ಅಡ್ಡ ಇಳೀಬಾರದು, ಸಾಲಿನ ಉದ್ದಕ್ಕೇ ಇಳೀಬೇಕು. ನಮ್ಮ ಕಡೆ ಹೊಲದ ನಡುವೆಯೇ ಬಂಡೆಗಲ್ಲು ಎದ್ದಿರ್ತವೆ, ಅವು ಎತ್ತರದಿಂದ ಕಾಣೋದು ಕಷ್ಟ.

ರಸ್ತೆ ಆಗೋದಿಲ್ವಾ ಅಂತ ಬಹಳ ಜನ ಕೇಳ್ತಾರೆ. ವಾಹನ, ಜನ, ಎರಡೂ ಬದಿಗೆ ಮರ, ಅಡ್ಡ ಹಾದ ಕರೆಂಟ್ ತಂತಿ. ನಾನಂತೂ ಹೊಲವನ್ನೇ ಆರಿಸ್ತೀನಿ. ತಂತಿ ಮೇಲಿಂದ ಕಾಣೋದೇ ಇಲ್ಲ, ಕಂಬ ನೋಡಿ ಊಹಿಸಬೇಕು. ಶಕ್ತಿನಗರದಿಂದ ಹೊರಡೋ ದೊಡ್ಡ ಲೈನುಗಳಿರೋ ಜಿಲ್ಲೆ ನಮ್ಮದು. ಅದೇ ಶಕ್ತಿನಗರದ ಚಿಮಣಿ ಒಂದು ಉಪಕಾರವನ್ನೂ ಮಾಡುತ್ತದೆ: ಹೊಗೆ ಯಾವ ಕಡೆ ಬಾಗಿದೆ ನೋಡಿದರೆ ಗಾಳಿಯ ದಿಕ್ಕು ತಿಳೀತದೆ. ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗಿನ ವೇಗ ಕಡಿಮೆ.

ಹೊಲ ಗುರುತಾದ ಮೇಲಷ್ಟೇ ಕಾರಣ ಹುಡುಕೋದು. ಇಂಧನದ ಸ್ವಿಚ್, ಮಿಕ್ಸ್ಚರ್, ಮ್ಯಾಗ್ನೆಟೊ, ಕಾರ್ಬ್ಯುರೇಟರ್ ಹೀಟ್. ಆಮೇಲೆ ರೇಡಿಯೋದಲ್ಲಿ ‘ಮೇಡೇ’. ಅಭ್ಯಾಸದಲ್ಲಿ ಇದನ್ನ ಬಾಯಲ್ಲಿ ಹೇಳ್ತೀವಿ ಅಷ್ಟೇ, ಬಟನ್ ಒತ್ತೋದಿಲ್ಲ. ನಿಜವಾದರೆ ನೆಲ ಮುಟ್ಟೋ ಮೊದಲು ಇಂಧನ ಬಂದ್ ಮಾಡಿ, ಬಾಗಿಲ ಚಿಲಕ ತೆಗೆದಿಡಬೇಕು. ಡಿಕ್ಕಿಗೆ ಬಾಗಿಲು ನಜ್ಜಾದರೆ ಹೊರಗೆ ಬರೋಕಾಗಲ್ಲ. ಅಭ್ಯಾಸದಲ್ಲಿ ಮೊದಲೇ ನಿಗದಿ ಮಾಡಿದ ಎತ್ತರಕ್ಕೆ ಬಂದಾಗ ಇನ್‌ಸ್ಟ್ರಕ್ಟರ್ ಪೂರ್ತಿ ಪವರ್ ಕೊಡಿಸ್ತಾರೆ, ‘ಗುರ್’ ಅಂತ ಮೇಲೆ ಹೋಗೋದು ಆವಾಗ.

ಇವೆಲ್ಲ ನಾಲ್ಕು ನಿಮಿಷ ಇದ್ದಾಗಿನ ಮಾತು. ಟೇಕಾಫ್ ಆದ ಕೂಡಲೇ ಇಂಜಿನ್ ನಿಂತರೆ ಸಿಗೋದು ಕೆಲವು ಸೆಕೆಂಡ್. ಹಿಂದೆ ರನ್‌ವೇ ಇದೆಯಲ್ಲ, ತಿರುಗೋಣ ಅನ್ನಿಸುತ್ತದೆ. ತಿರುಗುವಾಗ ಎತ್ತರ ಇನ್ನೂ ಬೇಗ ಹೋಗುತ್ತದೆ, ಹಾಗೆ ತಿರುಗಿ ಸತ್ತವರು ಜಗತ್ತಿನಾದ್ಯಂತ ಇದ್ದಾರೆ. ಮೂಗು ಇಳಿಸಿ, ಎದುರಿಗೆ ಸ್ವಲ್ಪ ಆಚೀಚೆ ಸಿಕ್ಕ ಜಾಗದಲ್ಲಿ ಇಳೀರಿ ಅಂತಲೇ ಕಲಿಸ್ತಾರೆ.

ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು.

ದೇವದುರ್ಗದ ಅಣ್ಣಾವ್ರೇ, ನಿಮ್ಮ ಹೊಲದಲ್ಲಿ ನಿಜವಾಗಿಯೂ ಒಂದು ಇಳಿದರೆ ಮುಂದಿನಿಂದ ಹೋಗಬೇಡಿ, ನಿಂತ ಪ್ರೊಪೆಲ್ಲರ್ ಕೂಡ ತಿರುಗಬಹುದು. ರೆಕ್ಕೆಯೊಳಗೆ ಪೆಟ್ರೋಲ್ ಜಾತಿಯದೇ ಇಂಧನ ಇರುತ್ತದೆ, ಬೀಡಿ ಹಚ್ಚಿದವರನ್ನ ದೂರ ಇಡಿ. 112ಕ್ಕೆ ಫೋನ್ ಮಾಡಿ, ವಿಡಿಯೋ ಆಮೇಲೆ.

ಹೊಲದ ಬೆಳೆ ಹಾಳಾದರೆ ಪರಿಹಾರ ಯಾರು ಕೊಡ್ತಾರೆ ಅಂತಲೂ ಅವರು ಕೇಳಿದ್ದಾರೆ. ಅದನ್ನ ಮುಂದಿನ ಸಂಚಿಕೆಯಲ್ಲಿ ಒಬ್ಬ ವಕೀಲರನ್ನ ಕೂರಿಸಿಕೊಂಡು ಮಾತಾಡೋಣ.