ಕೆಸರು, ಇಂಬಳ ಮತ್ತು ಎರಡೂವರೆ ವರ್ಷದ ಮೊಮ್ಮಗಳು

ಎರಡೂವರೆ ವರ್ಷದ ಮಗುವನ್ನು ಆಗುಂಬೆಯ ಕಾಡುದಾರಿಯಲ್ಲಿ ನಡೆಸುತ್ತೇವೆ ಎಂದು ಮಗ-ಸೊಸೆ ಹೇಳಿದರೆ ಮನೆಯ ಹಿರಿಯರ ಬಾಯಿಂದ ಮೊದಲು ಬರುವ ಮಾತು, "ನಿಮಗೇನು ತಲೆ ಕೆಟ್ಟಿದೆಯೇನ್ರೋ?" ಮಳೆ, ಜಾರುವ ಕೆಸರು, ಇಂಬಳ, ಹಾವು. ಇವುಗಳಲ್ಲಿ ಯಾವುದೂ ಕಟ್ಟುಕಥೆಯಲ್ಲ. ಆದರೆ ಅಜ್ಜ-ಅಜ್ಜಿಯರೇ, ಮಲೆನಾಡಿನಲ್ಲಿ ಬೆಳೆದವರು ನಿಮ್ಮಲ್ಲಿದ್ದರೆ ಸ್ವಲ್ಪ ನೆನಪಿಸಿಕೊಳ್ಳಿ. ಗೊರಬು ಸೂಡಿಕೊಂಡು ಇದೇ ಕೆಸರು ತುಳಿದು ಶಾಲೆಗೆ ಹೋದವರು ನೀವು. ಅದಕ್ಕೂ ಮೊದಲು ಅಮ್ಮನ ಸೊಂಟದ ಮೇಲೆ ಕೂತು ಗದ್ದೆ-ತೋಟ ಸುತ್ತಿದವರು. ಹಾಗಾಗಿ ಹೋಗಬಹುದು. ಯಾವಾಗ, ಎಷ್ಟು ದೂರ, ಯಾವ ತಯಾರಿಯಲ್ಲಿ ಎಂಬುದನ್ನು ಹೊರಡುವ ಮೊದಲೇ ಕೂತು ತೀರ್ಮಾನಿಸಬೇಕು, ಅಷ್ಟೆ.

ಮಕ್ಕಳೇ, ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಘಟ್ಟದ ನೆತ್ತಿಯ ಮೇಲೆ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುತ್ತಾ ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬಿದ್ದ ನೀರು ಹರಿಯದೆ ನಿಂತರೆ ಎರಡಂತಸ್ತಿನ ಮನೆ ಮುಳುಗುವಷ್ಟು! ಬೆಂಗಳೂರಿಗೆ ಬೀಳುವುದು ಸುಮಾರು 1000 ಮಿಲಿಮೀಟರು. ಆ ಮಳೆಗೆ ತರಗೆಲೆ ಕೊಳೆತು ಮಣ್ಣಿಗೆ ಬೆರೆತು ಆಗುವುದೇ ಈ ಕೆಸರು.

ಆಷಾಢದ ಜಡಿಮಳೆಯಲ್ಲಿ ಪುಟ್ಟ ಮಕ್ಕಳೊಡನೆ ಕಾಡು ಬೇಡವೇ ಬೇಡ. ಹಳ್ಳಗಳು ಹೇಳದೆ ಕೇಳದೆ ಏರುತ್ತವೆ. ಅರಣ್ಯ ಇಲಾಖೆಯೂ ಮಳೆಗಾಲದಲ್ಲಿ ಹಲವು ದಾರಿಗಳನ್ನು ಮುಚ್ಚುತ್ತದೆ, ವಿಚಾರಿಸಿಯೇ ಹೊರಡಿ. ಹಾಗಾದರೆ ಬೇಸಿಗೆಯಲ್ಲಿ ಒಣ ದಾರಿ ಸಿಗುತ್ತದಲ್ಲ ಎನ್ನಬಹುದು. ಅಲ್ಲೇ ಇರುವುದು ಎಡವಟ್ಟು. ಒಣಗಿದ ಕಾಡಿನಲ್ಲಿ ಇಂಬಳ ಕಡಿಮೆ, ಉಣುಗು ಹೆಚ್ಚು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ ಜಾಸ್ತಿ. ಮಂಗ ಸತ್ತಿದೆ ಎಂಬ ಸುದ್ದಿಯಿರುವ ಕಾಡಿನತ್ತ ಮಕ್ಕಳೊಂದಿಗೆ ತಲೆಹಾಕಿಯೂ ಮಲಗಬಾರದು. ನನ್ನ ಲೆಕ್ಕದಲ್ಲಿ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಕೆಸರು ಇರುತ್ತದೆ, ಇಂಬಳವೂ ಇರುತ್ತದೆ, ಆದರೆ ಮಳೆ ಉಸಿರಾಡಲು ಬಿಡುತ್ತದೆ.

ಇನ್ನು ಇಂಬಳದ ಕಥೆ. ಕೆಲವು ಕಡೆ ಉಂಬಳ ಎನ್ನುತ್ತಾರೆ. ಜಿಗಣೆಯ ನೆಲದ ಮೇಲಿನ ತಮ್ಮ ಅನ್ನಿ. ಎರಡೂ ತುದಿಯಲ್ಲಿ ಹೀರುಬಟ್ಟಲು, ಹತ್ತು ಕಣ್ಣು. ನಮ್ಮ ಉಸಿರು, ಮೈಬಿಸಿ, ಹೆಜ್ಜೆಯ ಅದುರು ಇಷ್ಟರಿಂದಲೇ ನಾವು ಬಂದದ್ದು ಅದಕ್ಕೆ ಗೊತ್ತಾಗುತ್ತದೆ. ಕಚ್ಚಿದಾಗ ನೋವಾಗದು, ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವಿದೆ. ಅದಕ್ಕೇ ಇಂಬಳ ಬಿದ್ದುಹೋದ ಮೇಲೂ ರಕ್ತ ಸೋರುತ್ತದೆ. ನೋಡಲು ಗಾಬರಿ, ಹೋಗುವ ರಕ್ತ ಅತ್ಯಲ್ಪ. ಎಳೆದು ಕೀಳಬೇಡಿ, ಬೆಂಕಿ ತಾಗಿಸಬೇಡಿ. ಸಣಕಲು ತುದಿ ಅದರ ಬಾಯಿ. ಅದರ ಅಡಿಗೆ ಉಗುರು ತೂರಿಸಿ ಜಾರಿಸಿದರೆ ಬಿಡುತ್ತದೆ. ಕಣ್ಣು, ಮೂಗು, ಬಾಯೊಳಗೆ ಹಿಡಿದರೆ ಮಾತ್ರ ಡಾಕ್ಟರೇ ಬೇಕು.

ನಮ್ಮ ಕಡೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚುವುದುಂಟು. ದೊಡ್ಡವರ ಕಾಲುಚೀಲಕ್ಕೆ ಬೇಕಾದರೆ ಹಚ್ಚಿಕೊಳ್ಳಲಿ. ಮಗುವಿಗೆ ಖಂಡಿತ ಬೇಡ. ಹೊಗೆಸೊಪ್ಪಿನ ವಿಷ ಚರ್ಮದಿಂದಲೂ ಒಳಗಿಳಿಯುತ್ತದೆ, ಜತೆಗೆ ಆ ವಯಸ್ಸಿನ ಕೈ ನಿಮಿಷಕ್ಕೊಮ್ಮೆ ಬಾಯಿಗೆ ಹೋಗುತ್ತದೆ. ಉದ್ದ ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಮೇಲೆ ರಬ್ಬರ್ ಬೂಟು ಹಾಕಿದರೆ ಸಾಕು.

ಕಳೆದ ದೀಪಾವಳಿ ಮುಗಿದ ವಾರ ನಾವು ಐದು ಜನ ಜೋಗಿಗುಂಡಿಯ ದಾರಿ ಹಿಡಿದೆವು. ಹಿಂದೆ ಜೋಗಿಗಳು ತಪಸ್ಸು ಮಾಡುತ್ತಿದ್ದರಂತೆ, ಅದಕ್ಕೇ ಆ ಹೆಸರು. ಮಗ, ಸೊಸೆ, ನಾನು, ಮೊಮ್ಮಗಳು, ಐದನೇ ಕ್ಲಾಸಿನ ಅವಳ ಅಣ್ಣ. ಅಣ್ಣನಿಗೆ ಎರಡು ಹುದ್ದೆ: ಹತ್ತು ನಿಮಿಷಕ್ಕೊಮ್ಮೆ ಎಲ್ಲರ ಕಾಲು ನೋಡಿ ಇಂಬಳ ಎಣಿಸುವುದು, ಗಡಿಯಾರ ನೋಡಿ "ಇನ್ನು ವಾಪಸು" ಎನ್ನುವುದು. ಹೊರಟು ಒಂದು ಗಂಟೆಗೆ ಎಲ್ಲಿದ್ದರೂ ತಿರುಗುವುದೆಂದು ಮನೆಯಲ್ಲೇ ಮಾತಾಗಿತ್ತು.

ಪುಟ್ಟಿ ನಡೆದದ್ದಕ್ಕಿಂತ ಕೂತದ್ದೇ ಹೆಚ್ಚು. ಮುಟ್ಟಿದೊಡನೆ ಗೋಲಿಯಾಗಿ ಸುರುಳಿಕೊಳ್ಳುವ ಸಹಸ್ರಪದಿಯೊಂದು ಸಿಕ್ಕಿತು. ಅದು ಬಿಚ್ಚಿಕೊಳ್ಳುವವರೆಗೆ ಕಾಯುವುದು, ಕಡ್ಡಿ ತಾಗಿಸುವುದು, ಮತ್ತೆ ಕಾಯುವುದು. ಕಾಲು ಗಂಟೆ ಅಲ್ಲೇ ಹೋಯಿತು. ದೂರದಲ್ಲಿ ಯಾರೋ ಹುಡುಗ ಸೋಮಾರಿತನದಿಂದ ಸಿಳ್ಳೆ ಹಾಕಿದಂತೆ ಕೇಳಿಸಿತು. "ಯಾರಜ್ಜಿ ಅದು?" ಎಂದ ಮೊಮ್ಮಗ. ಸಿಳ್ಳಾರ ಹಕ್ಕಿ! ಇಂಗ್ಲಿಷಿನವರೂ ಅದನ್ನು ಸಿಳ್ಳೆ ಹೊಡೆಯುವ ಶಾಲಾ ಹುಡುಗ ಎಂದೇ ಕರೆದಿದ್ದಾರೆ.

ಪುಟ್ಟಿ ದಣಿದಾಗ ಮಗ ಬೆನ್ನಿಗೆ ಕಟ್ಟಿಕೊಂಡ. ಇಲ್ಲೊಂದು ಸೂಕ್ಷ್ಮವಿದೆ. ಹೊತ್ತವರು ಬೆವರುತ್ತಿರುತ್ತಾರೆ, ಬೆನ್ನಮೇಲಿನ ಮಗು ಅಲ್ಲಾಡದೆ ಕೂತು ತಣ್ಣಗಾಗುತ್ತಿರುತ್ತದೆ. ಒದ್ದೆಯಾದ ಹತ್ತಿ ಬಟ್ಟೆಯಂತೂ ಮೈಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಆಗಾಗ ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು, ಒಣ ಜೊತೆ ಬಟ್ಟೆ ಚೀಲದಲ್ಲಿರಬೇಕು. ಕೆಸರಲ್ಲಿ ಇಳಿಯುವಾಗ ಹೊತ್ತವರ ಕೈಯಲ್ಲಿ ಕೋಲು, ಚಿಕ್ಕ ಹೆಜ್ಜೆ. ಜಾರಿದಾಗ ಪಕ್ಕದ ಕೊಂಬೆ ಹಿಡಿಯುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಮಲಬಾರ್ ಗುಳಿಮಂಡಲ ಹಾವು ಹಗಲಿಡೀ ತಗ್ಗಿನ ಪೊದೆ, ಬಂಡೆಗಳ ಮೇಲೆ ಎಲೆಯ ಬಣ್ಣದಲ್ಲೇ ಸುಮ್ಮನೆ ಮಲಗಿರುತ್ತದೆ. ಆ ಎತ್ತರಕ್ಕೇ ನಮ್ಮ ಪುಟಾಣಿಗಳ ಕೈ. ಮಗು ಹಿಡಿಯಬೇಕಾದ್ದು ದೊಡ್ಡವರ ಬೆರಳನ್ನು, ಗಿಡವನ್ನಲ್ಲ.

ನೀರಿನ ಸದ್ದು ಜೋರಾಗಿ ಕೇಳುತ್ತಿತ್ತು. ದಾರಿಗೆ ಅಡ್ಡ ಹರಿಯುವ ಸಣ್ಣ ತೊರೆಯೊಂದರಲ್ಲಿ ಕಾಲು ತೊಳೆಯುತ್ತಿದ್ದೆವು. ತಿಳಿಯಾಗಿದ್ದ ನೀರು ನೋಡನೋಡುತ್ತ ಕೆಂಪಾಯಿತು, ತರಗೆಲೆ ತೇಲಿಬರತೊಡಗಿತು. ನಮ್ಮ ಮೇಲೆ ಒಂದು ಹನಿಯೂ ಇಲ್ಲ. ಹೀಗಾದರೆ ಮೇಲೆಲ್ಲೋ ಮಳೆ ಹೊಡೆಯುತ್ತಿದೆ ಎಂದರ್ಥ; ಮಲೆನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. "ಇನ್ನೈದೇ ನಿಮಿಷ ಅಮ್ಮಾ, ಇಲ್ಲೇ ಇದೆ ಗುಂಡಿ" ಎಂದ ಮಗ. ಮೊಮ್ಮಗ ಗಡಿಯಾರ ಎತ್ತಿ ತೋರಿಸಿದ. "ಅಪ್ಪಾ, ಒಂದು ಗಂಟೆ ಮೂರು ನಿಮಿಷ." ಮಗ ಒಂದು ಕ್ಷಣ ಸದ್ದು ಬರುವ ದಿಕ್ಕಿಗೆ ನೋಡಿದ, ಮಾತಾಡದೆ ತಿರುಗಿದ. ಅರ್ಧ ದಾರಿಯಲ್ಲಿ ಮಳೆ ನಮ್ಮನ್ನೂ ಹಿಡಿಯಿತು. ಅಷ್ಟರಲ್ಲಿ ತೊರೆ ನಮ್ಮ ಹಿಂದೆ ಉಳಿದಿತ್ತು.

ಮನೆಗೆ ಬಂದು ಹಂಡೆಯ ಬಿಸಿನೀರಲ್ಲಿ ಪುಟ್ಟಿಯ ಸ್ನಾನ. ಕಾಲ್ಬೆರಳ ಸಂದು, ಕಿವಿಯ ಹಿಂದೆ, ಕಂಕುಳು, ತೊಡೆಸಂದು ಎಲ್ಲ ನೋಡಿದೆವು. ಮೊಣಕಾಲ ಹಿಂದೆ ಒಂದು ಕಚ್ಚಿದ ಗುರುತು. ಸೋಪುನೀರಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದೆವು. ನಾಲ್ಕೈದು ದಿನ ತುರಿಸುತ್ತದೆ. ಕೆರೆದುಕೊಂಡರೆ ಕೀವಾಗುತ್ತದೆಂದು ಸೊಸೆ ಆಗಲೇ ಅವಳ ಉಗುರು ಕತ್ತರಿಸಿದಳು. ಅಣ್ಣನ ಪಟ್ಟಿಯಲ್ಲಿ ಒಟ್ಟು ಹದಿನೇಳು ಇಂಬಳ. ಅದರಲ್ಲಿ ಒಂಬತ್ತು ಅವನವೇ, ಬೂಟು ಬೇಡವೆಂದು ಚಪ್ಪಲಿಯಲ್ಲಿ ಬಂದಿದ್ದ.