ಬಚ್ಚಲುಮನೆಯಲ್ಲಿ ಕ್ಷೌರಯಂತ್ರದ ಸಾಕೆಟ್ಟು

ಬೀದರ ಜಿಲ್ಲೆಯ ಔರಾದ ತಾಲೂಕಿನ ಚಿಂತಾಕಿಯಲ್ಲಿ ಹೊಸದಾಗಿ ಮನೆ ಕಟ್ಟಿಸುತ್ತಿರುವ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. ನಾಲ್ಕು ಊರು ಕಂಡವರು. ದೊಡ್ಡ ಹೋಟೆಲುಗಳಲ್ಲಿ ಕನ್ನಡಿಯ ಪಕ್ಕಕ್ಕೆ ‘ಕ್ಷೌರಯಂತ್ರಕ್ಕೆ ಮಾತ್ರ’ ಎಂಬ ಬರಹದೊಡನೆ ಎರಡು ತೂತಿನ ಪುಟ್ಟ ಸಾಕೆಟ್ಟಿರುವುದನ್ನು ನೋಡಿದವರು. ತಮ್ಮ ಬಚ್ಚಲಿನಲ್ಲಿಯೂ ಅಂಥದೊಂದು ಇರಲಿ ಎಂದು ಅವರ ಆಸೆ. ವೈರಿಂಗಿಗೆ ಬಂದ ಹುಡುಗ, “ಅದಕೇನ್ರಿ, ಐದು ಆಂಪಿಯರಿನ ಸಾಕೆಟ್ ಒಂದು ಕೂಡ್ಸಿದ್ರ ಆಯ್ತು” ಎನ್ನುತ್ತಾನೆ. ಎರಡೂ ಒಂದೇ ಅಲ್ಲವೆ? ಹೊರನೋಟಕ್ಕೆ ಹೌದು. ಗೋಡೆಯೊಳಗೆ ಹುದುಗಿರುವುದು ಮಾತ್ರ ಬೇರೆ.

ವಿದ್ಯುತ್ತು ಹೊರಟಲ್ಲಿಗೆ ಹಿಂದಿರುಗುವ ದಾರಿಯಿಲ್ಲದಿದ್ದರೆ ಹರಿಯುವುದಿಲ್ಲ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ಈ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ಆದಕಾರಣ ನಮ್ಮ ಕಾಲ ಕೆಳಗಿನ ಭೂಮಿಯೇ ಒಂದು ತಂತಿಯಂತೆ ವರ್ತಿಸುತ್ತದೆ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವನು ಫೇಸ್ ತಂತಿಯೊಂದನ್ನೇ ಮುಟ್ಟಿದರೂ ಮಂಡಲ ಪೂರ್ಣವಾಗುತ್ತದೆ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್‌ಗಳಷ್ಟಿರಬಹುದು. ನೀರಿನಲ್ಲಿ ನೆನೆದಾಗ ದೇಹದ ರೋಧ ಒಂದು ಸಾವಿರ ಓಮ್‌ಗಳ ಆಸುಪಾಸಿಗೆ ಇಳಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ 230 ಮಿಲಿಆಂಪಿಯರ್. ಸುಮಾರು ಒಂದು ಮಿಲಿಆಂಪಿಯರು ಬರಿಯ ಜುಮ್ಮೆನ್ನಿಸುತ್ತದೆ. ಹತ್ತನ್ನು ಮೀರಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದುದನ್ನು ಬಿಡಲಾಗುವುದಿಲ್ಲ. ಅದರ ಹಲವು ಮಡಿಯಷ್ಟು ಪ್ರವಾಹ ಒಂದೆರಡು ಕ್ಷಣ ಹರಿದರೆ ಹೃದಯ ಲಯ ತಪ್ಪಿ ಅದುರತೊಡಗುತ್ತದೆ.

ಜೇಕಬ್ ಷಿಕ್ ಎಂಬ ಅಮೆರಿಕದವನು ವಿದ್ಯುತ್ ಕ್ಷೌರಯಂತ್ರವನ್ನು 1931ರಲ್ಲಿ ಮಾರಾಟಕ್ಕೆ ತಂದನು. ನೀರಿರುವಲ್ಲಿಯೇ ಬಳಸಬೇಕಾದ ಈ ಉಪಕರಣಕ್ಕೆ ತಕ್ಕ ರಕ್ಷಣೆ ಬೇಕಾಯಿತು. ಅದಕ್ಕೆ ಬೇಕಾದ ತತ್ತ್ವವನ್ನು ಮೈಕೇಲ್ ಫ್ಯಾರಡೆ ನೂರು ವರ್ಷ ಹಿಂದೆ, 1831ರಲ್ಲಿಯೇ ಕಂಡುಕೊಂಡಿದ್ದನು. ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿಗಳನ್ನು ಪರಸ್ಪರ ತಾಗದಂತೆ ಸುತ್ತಿ, ಒಂದರಲ್ಲಿ ಪ್ರವಾಹ ಬದಲಾದಾಗಲೆಲ್ಲ ಇನ್ನೊಂದರಲ್ಲಿಯೂ ಪ್ರವಾಹ ಮೂಡುವುದನ್ನು ತೋರಿಸಿದನು. ಕ್ಷೌರಯಂತ್ರದ ಸಾಕೆಟ್ಟಿನ ಹಿಂದಿರುವುದು ಇಂಥದೇ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು. 230 ವೋಲ್ಟು ಒಳಗೆ, 230 ವೋಲ್ಟೇ ಹೊರಗೆ! ಇದೆಂಥ ವ್ಯರ್ಥಶ್ರಮವೆಂದು ವಾಚಕರಿಗೆ ತೋರಬಹುದು. ಆದರೆ ಹೊರಬರುವ ಎರಡು ತಂತಿಗಳಿಗೂ ನೆಲಕ್ಕೂ ಈಗ ನಂಟಿಲ್ಲ. ಅವುಗಳಲ್ಲಿ ಒಂದನ್ನು ಒದ್ದೆ ಕೈಯಿಂದ ಮುಟ್ಟಿದರೂ ಪ್ರವಾಹಕ್ಕೆ ಮರಳುವ ದಾರಿಯಿಲ್ಲ. ನಾವೆಲ್ಲ ಬಳಸುವ ದೀಪದ ಟೆಸ್ಟರನ್ನು ಇಂಥ ಸಾಕೆಟ್ಟಿನ ಯಾವ ತೂತಿಗಿಟ್ಟರೂ ಅದು ಸಾಮಾನ್ಯವಾಗಿ ಬೆಳಗುವುದಿಲ್ಲ, ಬೆಳಗಿದರೂ ಮಂಕಾಗಿರುತ್ತದೆ. ಆದುದರಿಂದ ವಿದ್ಯುತ್ತೇ ಇಲ್ಲವೆಂದು ತಿಳಿಯುವುದು ತಪ್ಪು. ಎರಡು ತೂತುಗಳ ನಡುವೆ 230 ವೋಲ್ಟು ಇದ್ದೇ ಇದೆ. ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಯಾವ ಟ್ರಾನ್ಸ್‌ಫಾರ್ಮರೂ ಕಾಯಲಾರದು.

ಇದರ ಶಕ್ತಿಯೂ ಅಲ್ಪ, ಸಾಧಾರಣವಾಗಿ 20 ವೋಲ್ಟ್-ಆಂಪಿಯರಿನಷ್ಟು. ಗಡ್ಡದ ಯಂತ್ರಕ್ಕೆ ಅಷ್ಟು ಸಾಕು. ಬಕೆಟ್ಟಿನಲ್ಲಿ ಮುಳುಗಿಸುವ ಹೀಟರಿಗೆ ಒಂದು ಸಾವಿರ ವ್ಯಾಟೋ ಒಂದೂವರೆ ಸಾವಿರವೋ ಬೇಕು. ಚಿಂತಾಕಿಯ ಗೃಹಸ್ಥರ ನಿಜವಾದ ಅಪಾಯವಿರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಮಾಗಿಯಲ್ಲಿ ಬೀದರ ಸೀಮೆಯ ಚಳಿ ಹೆಸರಾದುದು. ಹಂಡೆಯ ಒಲೆ ಆರಿದ ಮನೆಗಳಲ್ಲಿ ಹೀಟರೋ ಗೀಸರೋ ಬಂದಿದೆ. ಅವನ್ನು ಕಾಯುವುದು ಅರ್ತಿಂಗ್ ಎಂದು ನಾವು ನಂಬಿದ್ದೇವೆ.

ಅರ್ತಿಂಗನ್ನು ಕೊಂಚ ಪರೀಕ್ಷಿಸೋಣ. ಬೀದರ ನಗರವು ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಔರಾದದ ಕಡೆಗೆ ಹೋದಂತೆ ಎರೆಭೂಮಿ. ನೀರು ಕುಡಿದ ಎರೆಮಣ್ಣು ಒಳ್ಳೆಯ ವಾಹಕ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಸಂಕುಚಿಸಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೆಲದಲ್ಲಿ ಹೂತ ಕೊಳವೆಯ ಸುತ್ತಲಿನ ಹಿಡಿತವೂ ಸಡಿಲವಾಗುತ್ತದೆ. ಗುಂಡಿಗೆ ಉಪ್ಪು ಇದ್ದಿಲು ತುಂಬಿ, ಆಗಾಗ ನೀರು ಹೊಯ್ಯುವ ರೂಢಿ ಬಂದದ್ದು ಇದಕ್ಕಾಗಿಯೇ. ಗುಂಡಿಯ ರೋಧ 50 ಓಮ್‌ಗೆ ಏರಿತೆಂದುಕೊಳ್ಳಿ. ಗೀಸರಿನೊಳಗೆ ಫೇಸ್ ತಂತಿ ಕವಚಕ್ಕೆ ತಾಗಿದರೆ ನೆಲಕ್ಕೆ ಹರಿಯುವ ಪ್ರವಾಹ 4 ಆಂಪಿಯರಿಗೆ ತುಸು ಹೆಚ್ಚು. 16 ಆಂಪಿಯರಿನ ಎಂ.ಸಿ.ಬಿ. ಇದನ್ನು ಗಮನಿಸುವುದೇ ಇಲ್ಲ! ಗೀಸರಿನ ಮೈ 200 ವೋಲ್ಟಿಗಿಂತ ಹೆಚ್ಚಿನ ಒತ್ತಡದಲ್ಲಿ ಹಾಗೆಯೇ ನಿಂತಿರುತ್ತದೆ. ಮನೆಯವರು ಅರ್ತಿಂಗ್ ಇದೆಯೆಂಬ ನೆಮ್ಮದಿಯಲ್ಲಿರುತ್ತಾರೆ.

ಇದಕ್ಕೆ ಪರಿಹಾರ ಆರ್.ಸಿ.ಸಿ.ಬಿ. ಎಂಬ ಸಾಧನ. ಹೋದ ಪ್ರವಾಹವನ್ನೂ ಬಂದ ಪ್ರವಾಹವನ್ನೂ ಇದು ಒಂದೇ ಸಮನೆ ತೂಗಿ ನೋಡುತ್ತದೆ. 30 ಮಿಲಿಆಂಪಿಯರು ನೆಲದ ಪಾಲಾದರೆ ಕಣ್ಣೆವೆ ಇಕ್ಕುವಷ್ಟರಲ್ಲಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ದೇಹವು ಎಷ್ಟು ಪ್ರವಾಹವನ್ನು ತಾಳಬಲ್ಲುದೆಂದು ದೀರ್ಘಕಾಲ ಪ್ರಯೋಗ ನಡೆಸಿದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಅಮೆರಿಕದಲ್ಲಿ ಇಂಥ ಸಾಧನವನ್ನು ರೂಪಿಸಿದ್ದು 1961ರಲ್ಲಿ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಮೊದಲು ಇದನ್ನು ಕೊಳ್ಳಬೇಕು, ಕ್ಷೌರದ ಸಾಕೆಟ್ಟು ಆಮೇಲೆ.

ಸಾಕೆಟ್ಟನ್ನೂ ಕೂಡಿಸುವುದಾದರೆ, ಒಳಗೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇದೆಯೆಂದು ನಮೂದಿಸಿದುದನ್ನೇ ಆರಿಸಬೇಕು, ಐ.ಇ.ಸಿ. 61558-2-5 ಎಂಬುದು ಅದರ ಮಾನಕ. ದೀಪಗಳ ಮಂಡಲದಿಂದ, ಆರ್.ಸಿ.ಸಿ.ಬಿ.ಯ ಕಾವಲಿನಲ್ಲಿ, ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಒಳಸುರುಳಿಗೆ ಕೊಡಬೇಕು. ಅರ್ತ್ ತಂತಿ ಅದಕ್ಕೆಂದು ಗುರುತಿಸಿದ ತಿರುಪಿಗೆ ಮಾತ್ರ. ಹೊರಸುರುಳಿಗೆ ಜೋಡಿಸಿದರೆ ಇಷ್ಟು ಹೊತ್ತು ವರ್ಣಿಸಿದ ಗುಣವೆಲ್ಲ ಮಣ್ಣುಪಾಲು. ಕೆಲಸಕ್ಕೆ ಮೊದಲು ಮೇನ್ ತೆಗೆದು, ಮೀಟರಿನಿಂದ ಅಳೆದು ನೋಡತಕ್ಕದ್ದು. ಇದನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನರಿಗೇ ಒಪ್ಪಿಸುವುದು ಯುಕ್ತ.

ಇನ್ನು ಸ್ಥಳ. ಸ್ನಾನದ ತೊಟ್ಟಿಯ ಅಂಚಿನಿಂದ ಆಚೆಗಿನ 60 ಸೆಂಟಿಮೀಟರಿನ ಪಟ್ಟಿಯಲ್ಲಿ ಸಾಮಾನ್ಯ ಸಾಕೆಟ್ಟಿಗೆ ಅಂತರರಾಷ್ಟ್ರೀಯ ನಿಯಮ ಎಡೆಗೊಡುವುದಿಲ್ಲ. ಕ್ಷೌರದ ಸಾಕೆಟ್ಟಿಗೆ ಮಾತ್ರ ವಿನಾಯಿತಿ. ತೊಟ್ಟಿಯಿಲ್ಲದೆ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ನಮ್ಮ ಬಚ್ಚಲಿನಲ್ಲಿ ನೀರು ಹಾರದ ಗೋಡೆ ಯಾವುದು? ಬಚ್ಚಲಿನ ಬಾಗಿಲ ಹೊರಗೆ, ಕೈತೊಳೆಯುವ ಬೇಸಿನ್ನಿನ ಕನ್ನಡಿಯ ಪಕ್ಕಕ್ಕೆ, ಎದೆಮಟ್ಟಕ್ಕಿಂತ ಎತ್ತರದಲ್ಲಿ ಇದನ್ನು ಕೂಡಿಸುವಂತೆ ನಾನು ಹೇಳುತ್ತೇನೆ. ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಮನೆಯ ದೀಪಗಳು ಆರಬೇಕು. ಆರದಿದ್ದರೆ ಆ ದಿನವೇ ಅದನ್ನು ಬದಲಾಯಿಸಬೇಕು.